ಸೀತಾಳೆ ಸಿಡುಬು ಮತ್ತು ಮಕ್ಕಳ ಕಣ್ಣು

ತೊಗರಿಯ ರಾಶಿ ಮುಗಿದು ಬಿಸಿಲು ಏರತೊಡಗುವ ಕಾಲವು ಕಲಬುರಗಿ ಸೀಮೆಯ ಶಾಲೆಗಳಿಗೆ ಎರಡು ಪರೀಕ್ಷೆಗಳನ್ನು ಒಟ್ಟಿಗೇ ತರುತ್ತದೆ. ಒಂದು, ಎಲ್ಲರೂ ಬಲ್ಲ ವಾರ್ಷಿಕ ಪರೀಕ್ಷೆ. ಇನ್ನೊಂದು, ಚಳಿಗಾಲದ ಕೊನೆಯಿಂದ ಬೇಸಗೆಯವರೆಗೆ ವಸತಿನಿಲಯದ ಒಂದು ಹಾಸಿಗೆಯಿಂದ ಮತ್ತೊಂದು ಹಾಸಿಗೆಗೆ ಸರಿದಾಡುವ ಸೀತಾಳೆ ಸಿಡುಬು. ಮೈಮೇಲಿನ ನೀರುಗುಳ್ಳೆ, ಜ್ವರ, ತುರಿಕೆ ಇವು ಯಾರ ಕಣ್ಣಿಗಾದರೂ ಬೀಳುತ್ತವೆ. ಆದರೆ ಈ ರೋಗವು ಕಣ್ಣಿನ ಒಳಗೆ ಉಂಟುಮಾಡಬಹುದಾದ ಉರಿಯೂತವು ಅಷ್ಟು ಸುಲಭವಾಗಿ ಕಾಣುವಂಥದಲ್ಲ. ಅದು ಎಷ್ಟೋ ವೇಳೆ ಗುಳ್ಳೆಗಳೆಲ್ಲ ಒಣಗಿ, ಮಗು ಗುಣವಾಯಿತೆಂದು ಮನೆಯವರು ನೆಮ್ಮದಿ ತಾಳಿದ ಮೇಲೆ, ಆ ಮಗು ಮರಳಿ ಶಾಲೆಯ ಬೆಂಚಿನ ಮೇಲೆ ಕುಳಿತಿರುವಾಗ ತಲೆದೋರುತ್ತದೆ. ಆದುದರಿಂದ ಇದು ವೈದ್ಯರ ವಿಷಯವಾಗಿರುವಂತೆಯೇ ಶಿಕ್ಷಕರ ವಿಷಯವೂ ಆಗಿದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳುವುದು ಅವಶ್ಯ. ಪುಸ್ತಕಗಳು ಸೀತಾಳೆ ಸಿಡುಬು ಎನ್ನುವ, ವೈದ್ಯರು ಚಿಕನ್‌ಪಾಕ್ಸ್ ಎನ್ನುವ ಈ ರೋಗಕ್ಕೆ ನಮ್ಮ ಹಳ್ಳಿಗಳಲ್ಲಿ ಪ್ರತ್ಯೇಕ ಹೆಸರನ್ನು ಹಿಡಿಯುವುದು ಕಡಿಮೆ. ‘ಅಮ್ಮ ಬಂದಾಳ’ ಎಂದರೆ ಮುಗಿಯಿತು. ದೊಡ್ಡ ಸಿಡುಬೂ ಅಮ್ಮನೇ, ದಡಾರವೂ ಅಮ್ಮನೇ, ಸೀತಾಳೆಯೂ ಅಮ್ಮನೇ. ಆದರೆ ಕಣ್ಣಿನ ಮಟ್ಟಿಗೆ ಈ ಮೂರರ ನಡೆ ಬೇರೆ ಬೇರೆ. ದೊಡ್ಡ ಸಿಡುಬು ಅಸಂಖ್ಯ ಜನರನ್ನು ಕುರುಡರನ್ನಾಗಿ ಮಾಡಿದ ಮಹಾಮಾರಿ. ಭಾರತದಲ್ಲಿ ಅದರ ಕೊನೆಯ ರೋಗಿ ಕಂಡುಬಂದದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿತು. ದಡಾರದಲ್ಲಿ ಕಣ್ಣು ಹಾಳಾಗುವುದು ಬಹುಮಟ್ಟಿಗೆ ಎ ಜೀವಸತ್ವದ ಕೊರತೆಯೊಡನೆ ಸೇರಿದಾಗ. ಆಗ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಮೆತ್ತಗಾಗಿ ಕರಗಿಹೋಗುವುದೂ ಉಂಟು. ಸೀತಾಳೆ ಸಿಡುಬು ಇವೆರಡರಷ್ಟು ಕ್ರೂರವಲ್ಲ. ಬಹುಪಾಲು ಮಕ್ಕಳ ಕಣ್ಣಿಗೆ ಇದರಿಂದ ಯಾವ ಬಾಧೆಯೂ ಆಗುವುದಿಲ್ಲ. ಆದರೂ ಸ್ವಲ್ಪದರಲ್ಲೇ ತಾನಾಗಿ ಶಮನವಾಗುತ್ತದೆ. ಈ ಮಾತನ್ನು ಆರಂಭದಲ್ಲಿಯೇ ಹೇಳದಿದ್ದರೆ ವೃಥಾ ಭೀತಿಯನ್ನು ಹರಡಿದಂತಾದೀತು. ಉಳಿದ ಕೆಲವರ ವಿಚಾರವೇ ಇಲ್ಲಿ ಪ್ರಸ್ತುತ.

ರೋಗಕಾರಕವು ಹರ್ಪಿಸ್ ವಂಶಕ್ಕೆ ಸೇರಿದ ಒಂದು ವೈರಸ್. ಉಸಿರಿನ ಮೂಲಕ, ಗುಳ್ಳೆಯ ನೀರಿನ ಮೂಲಕ ಅದು ಮೈಸೇರಿದ ಮೇಲೆ 10ರಿಂದ 21 ದಿನಗಳವರೆಗೆ ಯಾವ ಸುಳಿವನ್ನೂ ಕೊಡದೆ ಬೆಳೆಯುತ್ತದೆ. ಬಳಿಕ ಜ್ವರ, ಅದರ ಬೆನ್ನಿಗೇ ಗುಳ್ಳೆ. ಗುಳ್ಳೆಗಳು ಎದೆ, ಬೆನ್ನು, ಮುಖದ ಮೇಲೆ ಅಲೆಅಲೆಯಾಗಿ ಏಳುತ್ತವೆ. ಹೊಸದು, ನೀರು ತುಂಬಿದ್ದು, ಒಣಗಿ ಹಕ್ಕಳೆಗಟ್ಟಿದ್ದು ಒಂದೇ ಮೈಮೇಲೆ ಏಕಕಾಲಕ್ಕೆ ಕಾಣುವುದು ಇದರ ಲಕ್ಷಣ. ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಹಿಡಿದು ಕೊನೆಯ ಗುಳ್ಳೆ ಹಕ್ಕಳೆಗಟ್ಟುವವರೆಗೆ ರೋಗಿಯಿಂದ ಇತರರಿಗೆ ಅಂಟುತ್ತದೆ. ಶೀತದೇಶಗಳಲ್ಲಿ ಇದು ಹೆಚ್ಚಾಗಿ ಎಳೆಯ ಮಕ್ಕಳ ರೋಗ. ಉಷ್ಣದೇಶಗಳಲ್ಲಿ ಹಲವರು ಬಾಲ್ಯದಲ್ಲಿ ಇದರಿಂದ ತಪ್ಪಿಸಿಕೊಂಡು, ಹದಿಹರೆಯದಲ್ಲಿಯೋ ಯೌವನದಲ್ಲಿಯೋ ಇದಕ್ಕೆ ಸಿಕ್ಕುತ್ತಾರೆ. ವಯಸ್ಸು ಏರಿದಂತೆ ರೋಗದ ಬಿರುಸೂ ಏರುತ್ತದೆ. ಪ್ರೌಢಶಾಲೆಯ ವಸತಿನಿಲಯಗಳಲ್ಲಿ ಇದು ಕಾಣಿಸಿಕೊಂಡಾಗ ಹಗುರವಾಗಿ ಎಣಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ಕಮಲಾಪುರದ ಬದಿಯ ಹಳ್ಳಿಯೊಂದರಿಂದ ಬಂದು ಕಲಬುರಗಿಯ ವಸತಿನಿಲಯವೊಂದರಲ್ಲಿದ್ದು ಎಂಟನೆಯ ತರಗತಿ ಓದುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ನಗರದಿಂದ ಹುಮನಾಬಾದಿನತ್ತ ಹೋಗುವ ಹೆದ್ದಾರಿಯಲ್ಲಿ ಬಸ್ಸಿಗೆ ಒಂದು ತಾಸಿನ ಆಸುಪಾಸಿನ ದಾರಿ. ಫೆಬ್ರುವರಿಯಲ್ಲಿ ಹುಡುಗನಿಗೆ ಜ್ವರ ಬಂದು ಗುಳ್ಳೆ ಏಳುತ್ತವೆ. ಮನೆಯವರು ಬಂದು ಊರಿಗೆ ಕರೆದೊಯ್ಯುತ್ತಾರೆ. ಬಾಗಿಲಿಗೆ ಬೇವಿನ ತೊಂಗಲು ಕಟ್ಟುತ್ತಾರೆ, ಒಲೆಯ ಮೇಲೆ ಒಗ್ಗರಣೆಯ ಸದ್ದು ನಿಲ್ಲುತ್ತದೆ, ಹುಡುಗನನ್ನು ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗಿಸುತ್ತಾರೆ. ಎರಡು ವಾರದ ಮೇಲೆ ಬೇವಿನೆಲೆ ಹಾಕಿದ ನೀರು ಎರೆದು, ದೇವಿಗೆ ಉಡಿ ತುಂಬಿ, ಅಮ್ಮನನ್ನು ಕಳುಹಿಸಿಕೊಟ್ಟಿತೆಂದು ಭಾವಿಸಿ ಹುಡುಗನನ್ನು ಪರೀಕ್ಷೆಗೆಂದು ನಗರಕ್ಕೆ ಮರಳಿಸುತ್ತಾರೆ. ಮಾರ್ಚಿ ತಿಂಗಳ ಎರಡನೆಯ ವಾರ ಅವನು ಕಪ್ಪುಹಲಗೆಯ ಕಡೆ ನೋಡುವಾಗ ಒಂದು ಕಣ್ಣನ್ನು ಕಿರಿದುಮಾಡುತ್ತಾನೆ. ಕಿಟಕಿಯ ಬದಿಯ ಜಾಗವನ್ನು ಬಿಟ್ಟು ಗೋಡೆಯ ಬದಿಗೆ ಸರಿದು ಕೂಡುತ್ತಾನೆ. ಆಟದ ಬಯಲಿನಲ್ಲಿ ಹಣೆಗೆ ಅಂಗೈ ಅಡ್ಡ ಹಿಡಿಯುತ್ತಾನೆ. ಕಣ್ಣು ಸ್ವಲ್ಪ ಕೆಂಪು. ಬಿಸಿಲ ನಾಡಿನಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ‘ಉಷ್ಣಕ್ಕೆ ಆಗಿದೆ’. ಇನ್ನೊಂದು ಉತ್ತರವೂ ಇದೆ: ‘ರಾಶಿಯ ಧೂಳು ಬಿದ್ದಿರಬೇಕು’. ಎರಡೂ ಸುಳ್ಳಾಗಿರಬೇಕೆಂದೇನೂ ಇಲ್ಲ. ಆದರೆ ತಿಂಗಳ ಹಿಂದೆ ಈ ಹುಡುಗನಿಗೆ ಸೀತಾಳೆ ಆಗಿತ್ತೆಂಬ ನೆನಪು ಯಾರಿಗೂ ಬಾರದೆ ಹೋದರೆ, ಮೂರನೆಯ ಉತ್ತರವನ್ನು ಹುಡುಕುವವರೇ ಇಲ್ಲದಂತಾಗುತ್ತದೆ.

ಆ ಮೂರನೆಯ ಉತ್ತರವನ್ನು ಅರಿಯಬೇಕಾದರೆ ಕಣ್ಣಿನ ರಚನೆಯನ್ನು ಸ್ವಲ್ಪ ಗಮನಿಸಬೇಕು. ರೆಪ್ಪೆಯ ಅಂಚಿನಲ್ಲಿ ಗುಳ್ಳೆ ಏಳುವುದು, ಬಿಳಿಗುಡ್ಡೆಯ ಮೇಲಿನ ತೆಳುಪೊರೆ ಕೆಂಪಾಗಿ ನೀರು ಸೋರುವುದು, ಇವು ರೋಗದ ದಿನಗಳಲ್ಲಿಯೇ ಕಾಣುವ, ಬಹುಮಟ್ಟಿಗೆ ನಿರುಪದ್ರವಿಯಾದ ತೊಂದರೆಗಳು. ಬಿಳಿಗುಡ್ಡೆಯ ನಡುವೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲ ಕಾರ್ನಿಯಾ. ವೈರಸ್ ಅದರ ಮೇಲ್ಪದರವನ್ನು ಕೆರೆದಂತೆ ಮಾಡಬಹುದು. ಅಥವಾ ರೋಗ ಇಳಿದು ವಾರಗಳಾದ ಮೇಲೆ, ಅಪರೂಪಕ್ಕೆ ತಿಂಗಳುಗಳಾದ ಮೇಲೆ, ಅದರ ಒಳಪದರದಲ್ಲಿ ಬಿಲ್ಲೆಯಾಕಾರದ ಬಾವು ಏಳಬಹುದು. ಈ ತಡವಾದ ಬಾವಿಗೆ ವೈರಸ್ಸಿಗಿಂತಲೂ ಅದರ ಅವಶೇಷಗಳ ಮೇಲೆ ದೇಹವೇ ಹೂಡುವ ಪ್ರತಿಕ್ರಿಯೆ ಹೆಚ್ಚು ಕಾರಣವೆಂದು ವೈದ್ಯರು ಭಾವಿಸುತ್ತಾರೆ.

ಕಾರ್ನಿಯಾದ ಹಿಂದೆ, ಕಣ್ಣಿಗೆ ಬಣ್ಣ ಕೊಡುವ ಐರಿಸ್ ಎಂಬ ತೆರೆಯಿದೆ. ಅದರ ನಡುವಿನ ರಂಧ್ರವೇ ಪಾಪೆ. ಈ ತೆರೆಯೂ ಅದರ ನೆರೆಯ ಭಾಗಗಳೂ ಊದಿಕೊಳ್ಳುವುದಕ್ಕೆ ಯೂವೈಟಿಸ್ ಎನ್ನುತ್ತಾರೆ. ಸೀತಾಳೆಯಲ್ಲಿ ಇದು ಸಾಮಾನ್ಯವಾಗಿ ಸೌಮ್ಯ ಸ್ವರೂಪದ್ದು. ಯಾವ ದೂರನ್ನೂ ಹೇಳದ ಮಕ್ಕಳನ್ನು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ನೋಡಿದಾಗ ಇದರ ಗುರುತು ಸಿಕ್ಕ ನಿದರ್ಶನಗಳುಂಟು. ತಾನಾಗಿ ಮಾಯುವುದೇ ಹೆಚ್ಚು. ಮಾಯದಿದ್ದರೆ ಕಷ್ಟ ಆರಂಭ. ಊದಿದ ಐರಿಸ್ ತನ್ನ ಹಿಂದಿರುವ ಮಸೂರಕ್ಕೆ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ದುಂಡಗಿದ್ದ ಪಾಪೆ ಅಂಕುಡೊಂಕಾಗುತ್ತದೆ. ಕಣ್ಣೊಳಗಿನ ದ್ರವ ಹರಿದುಹೋಗುವ ದಾರಿ ಕಟ್ಟಿ ಒತ್ತಡ ಏರಿದರೆ ನೋಟದ ನರಕ್ಕೆ ಹಾನಿ. ಉರಿಯೂತ ಬಹುಕಾಲ ನಿಂತರೆ ಎಳೆಯ ವಯಸ್ಸಿನಲ್ಲಿಯೇ ಮಸೂರಕ್ಕೆ ಪೊರೆ. ಇದಕ್ಕೂ ಒಳಗೆ, ಅಕ್ಷಿಪಟಲ ಮತ್ತು ನೋಟದ ನರವನ್ನು ಈ ವೈರಸ್ ಕೆಡಿಸುವುದು ತೀರ ವಿರಳ. ಆದರೆ ಗುಳ್ಳೆ ಮಾಸಿದ ಒಂದೆರಡು ತಿಂಗಳೊಳಗೆ ‘ನೋಟ ಮಂಜಾಯಿತು’, ‘ಕಣ್ಣ ಮುಂದೆ ಕಪ್ಪು ಚುಕ್ಕೆ ತೇಲುತ್ತವೆ’ ಎಂದು ಯಾರಾದರೂ ಹೇಳಿದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು.

ಇಲ್ಲಿ ಕತ್ತಲಕೋಣೆಯ ವಿಷಯವನ್ನು ಎತ್ತಲೇಬೇಕಾಗಿದೆ. ಅಮ್ಮನ ಆಚಾರಗಳನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ರೋಗಿಯನ್ನು ಬೇರೆಯಾಗಿರಿಸುವುದು, ಹೊರಗಿನವರು ಒಳಗೆ ಬಾರದಂತೆ ಬೇವಿನ ತೊಂಗಲಿನಿಂದ ಸೂಚಿಸುವುದು, ದುಡಿತದಿಂದ ಬಿಡುವು ಕೊಡುವುದು, ಉಗುರಿನಿಂದ ಕೆರೆಯಗೊಡದೆ ಎಳೆಯ ಬೇವಿನ ಸೊಪ್ಪಿನಿಂದ ಸವರುವುದು, ಇವು ಅಂಟುರೋಗದ ನಡೆಯನ್ನು ಕಂಡು ಬಲ್ಲ ಹಿರಿಯರು ಮಾಡಿದ ಏರ್ಪಾಡುಗಳು. ಆದರೆ ಬೆಳಕಿಗೆ ಕಣ್ಣು ಬಿಡಲಾಗದಿರುವುದೇ ಯೂವೈಟಿಸಿನ ಮುಖ್ಯ ಸೂಚನೆ. ಬೆಳಕೇ ಇಲ್ಲದ ಕೋಣೆಯಲ್ಲಿ ಮಲಗಿದ ಮಗುವಿಗೆ ಬೆಳಕು ಚುಚ್ಚುತ್ತದೆಯೇ ಇಲ್ಲವೇ ಎಂಬುದು ತಾಯಿಗೂ ತಿಳಿಯದು, ಮಗುವಿಗೂ ತಿಳಿಯದು. ನೋವಿನ ಮಗು ಕತ್ತಲೆಯಲ್ಲಿ ಹಾಯಾಗಿರುತ್ತದೆ. ಆ ಹಾಯನ್ನು ಕಂಡು ಅಮ್ಮ ಶಾಂತಳಾಗಿದ್ದಾಳೆಂದು ಮನೆಯವರು ತಿಳಿಯುತ್ತಾರೆ. ದಿನಕ್ಕೊಮ್ಮೆ ಕಿಟಕಿ ತೆರೆದು, ಮಗುವಿನ ಎರಡೂ ಕಣ್ಣುಗಳನ್ನು ಬೆಳಕಿನಲ್ಲಿ ನೋಡುವುದರಿಂದ ಯಾವ ಆಚಾರಕ್ಕೂ ಭಂಗ ಬರುವುದಿಲ್ಲ. ಸ್ನಾನ ನಿಷಿದ್ಧವೆಂಬ ನಂಬಿಕೆಯಿಂದಲೂ ತೊಂದರೆಯಿದೆ. ಮೈ ಕೊಳೆಯಾಗಿ, ಕೆರೆದ ಗುಳ್ಳೆಗಳಲ್ಲಿ ಕೀವು ತುಂಬಿ, ಅದೇ ಬೆರಳು ಕಣ್ಣಿಗೆ ಹೋಗುತ್ತದೆ. ಉಗುರು ಕತ್ತರಿಸಿ, ಉಗುರುಬೆಚ್ಚನೆಯ ನೀರಿನಲ್ಲಿ ಮೈ ತೊಳೆಯುವುದೇ ಲೇಸು.

ಕಣ್ಣಿಗೆ ಹಾಕುವ ಮನೆಮದ್ದುಗಳ ವಿಷಯದಲ್ಲಿ ಮಾತ್ರ ಇಷ್ಟು ಸೌಜನ್ಯ ಸಲ್ಲದು. ಎದೆಹಾಲು, ಹರಳೆಣ್ಣೆ, ಉಳ್ಳಾಗಡ್ಡಿಯ ರಸ, ಸೊಪ್ಪಿನ ರಸ, ಕಾಡಿಗೆ ಇವುಗಳಲ್ಲಿ ಯಾವುದೂ ಊದಿದ ಕಣ್ಣಿಗೆ ಹಿತವಲ್ಲ. ವೈರಸ್ ಕೆರೆದ ಕಾರ್ನಿಯಾದ ಮೇಲೆ ಇವು ಹೊಸ ಸೋಂಕನ್ನು ಬಿತ್ತುತ್ತವೆ. ಇದಕ್ಕಿಂತ ಅಪಾಯಕಾರಿಯಾದುದು ನಗರದ ನಾಗರಿಕ ಅಭ್ಯಾಸ. ಔಷಧದ ಅಂಗಡಿಗೆ ಹೋಗಿ ‘ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳಿ ತರುವ ಸಣ್ಣ ಸೀಸೆಯಲ್ಲಿ ಅನೇಕ ವೇಳೆ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಆದರೆ ಕಾರ್ನಿಯಾದಲ್ಲಿ ಹುಣ್ಣಿದ್ದರೆ ಅದೇ ಹನಿ ಹುಣ್ಣನ್ನು ಬೆಳೆಸುತ್ತದೆ. ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡವನ್ನು ಏರಿಸಿ, ಪೊರೆಯನ್ನೂ ತರಬಲ್ಲದು. ವಿಚಿತ್ರವೆಂದರೆ ಯೂವೈಟಿಸಿಗೆ ತಜ್ಞರು ಕೊಡುವ ಔಷಧವೂ ಸ್ಟೀರಾಯ್ಡ್ ಹನಿಯೇ. ಆದರೆ ಅವರು ಮೊದಲು ಕಾರ್ನಿಯಾವನ್ನು ಬಣ್ಣ ಹಾಕಿ ಪರೀಕ್ಷಿಸಿ, ಪಾಪೆಯನ್ನು ಅಗಲಿಸುವ ಅಟ್ರೋಪಿನ್ ಜಾತಿಯ ಹನಿಯನ್ನು ಜೊತೆಗೂಡಿಸಿ, ಅಗತ್ಯವಿದ್ದರೆ ಎಸೈಕ್ಲೊವಿರ್ ಎಂಬ ವೈರಸ್‌ನಿರೋಧಕವನ್ನು ಸೇರಿಸಿ, ಒತ್ತಡವನ್ನು ಅಳೆಯುತ್ತ ಹನಿಯನ್ನು ಕ್ರಮವಾಗಿ ಇಳಿಸುತ್ತಾರೆ. ಒಂದೇ ಔಷಧ, ನೋಡಿ ಹಾಕಿದರೆ ಒಂದು ಫಲ, ನೋಡದೆ ಹಾಕಿದರೆ ಇನ್ನೊಂದು.

ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಲಾಗದು; ಸೀತಾಳೆಯೊಡನೆ ಸೇರಿದಾಗ ಅದು ಯಕೃತ್ತು ಮತ್ತು ಮಿದುಳನ್ನು ಕೆಡಿಸುವ ರೇ ಎಂಬ ವಿರಳ ವ್ಯಾಧಿಗೆ ದಾರಿ ಮಾಡುತ್ತದೆ. ಪ್ಯಾರಾಸಿಟಮಾಲ್ ಸಾಕು.

ಶಿಕ್ಷಕರು ವೈದ್ಯರಾಗಬೇಕಿಲ್ಲ, ಆದರೆ ಎರಡು ಬಗೆಯ ಕೆಂಪುಗಣ್ಣುಗಳನ್ನು ಬೇರ್ಪಡಿಸಿ ನೋಡಬಲ್ಲರು. ಊರಿಗೆಲ್ಲ ಬರುವ ಕಣ್ಣುಬೇನೆಯಲ್ಲಿ ಸಾಮಾನ್ಯವಾಗಿ ಪಿಸುರು ಕಟ್ಟುತ್ತದೆ, ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಕೆಂಪು ರೆಪ್ಪೆಯ ಕಡೆಗೆ ಹೆಚ್ಚು, ಪಿಸುರು ಒರೆಸಿದರೆ ನೋಟ ಸ್ಪಷ್ಟ. ಯೂವೈಟಿಸಿನಲ್ಲಿ ಪಿಸುರಿಲ್ಲ, ಬರೀ ನೀರು. ಕೆಂಪು ಕಪ್ಪುಗುಡ್ಡೆಯ ಸುತ್ತ ಬಳೆಯಂತೆ ಕಟ್ಟಿರುತ್ತದೆ. ಒಳಗಿನಿಂದ ಮಿಡಿಯುವ ನೋವು. ಒರೆಸಿದರೂ ಹೋಗದ ಮಂಜು. ನೋಯುವ ಕಣ್ಣನ್ನು ಮುಚ್ಚಿಸಿ ಚೆನ್ನಾಗಿರುವ ಕಣ್ಣಿಗೆ ಬ್ಯಾಟರಿಯ ಬೆಳಕು ಬಿಟ್ಟಾಗ ಮುಚ್ಚಿದ ಕಣ್ಣೇ ನೋಯುವುದಾದರೆ ಅನುಮಾನ ಬಲವಾಗುತ್ತದೆ. ಪಾಪೆಗಳೆರಡೂ ಒಂದು ಚುಂಚದಲ್ಲಿ ಕಂಡಂತೆ ಬಿಡಿಸಿದಷ್ಟು ಒಂದೇ ಗಾತ್ರದಲ್ಲಿವೆಯೇ, ದುಂಡಗಿವೆಯೇ ಎಂಬುದನ್ನೂ ನೋಡಬಹುದು. ಎಳೆಯ ಮಕ್ಕಳಲ್ಲಿ ನೋವೂ ಕೆಂಪೂ ಇಲ್ಲದೆ ಉರಿಯೂತ ನಡೆದಿರುವುದುಂಟು. ಆದ್ದರಿಂದ ರೋಗದಿಂದ ಎದ್ದು ಬಂದ ಪ್ರತಿ ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಹಿಂದಿನ ಬೆಂಚಿನಿಂದ ಹಲಗೆಯ ಮೇಲಿನ ಅಕ್ಷರ ಓದಿಸುವುದು ಒಳ್ಳೆಯ ಪದ್ಧತಿ. ಅದಕ್ಕೆ ಎರಡು ನಿಮಿಷ ಸಾಕು. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕುಂದನ್ನು ಇನ್ನೊಂದು ಮುಚ್ಚಿಬಿಡುತ್ತದೆ.

ಅನುಮಾನ ಬಂದಲ್ಲಿ ಹೋಗಬೇಕಾದ ಎಡೆ ಸ್ಲಿಟ್ ಲ್ಯಾಂಪ್ ಇರುವ ಕಣ್ಣಿನ ವಿಭಾಗ. ಈ ಮಾತಿನಲ್ಲಿ ಕಲಬುರಗಿ ನಗರ ಬಡತನದಲ್ಲಿಲ್ಲ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಮಹಾವಿದ್ಯಾಲಯವೂ, ನಂತರ ಬಂದ ಸರ್ಕಾರದ ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇಲ್ಲಿವೆ. ಕಮಲಾಪುರದವರು ಮೊದಲು ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಪಡೆದು ನಗರಕ್ಕೆ ಬರಬಹುದು. ಬಸ್ಸಿನ ದಾರಿ ದೊಡ್ಡದಲ್ಲ. ದೊಡ್ಡದಾಗಿರುವುದು ‘ಅಮ್ಮ ಹೋದ ಮೇಲೆ ಆಸ್ಪತ್ರೆಗೇಕೆ’ ಎಂಬ ಪ್ರಶ್ನೆಯಿಂದ ಆಗುವ ವಿಳಂಬ.

ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರು ತಿರುಗಿ, ಶಾಲೆಯ ಅಂಗಳಗಳನ್ನೇ ಶಸ್ತ್ರಾಲಯಗಳನ್ನಾಗಿ ಮಾಡಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದುದನ್ನು ಹಿರಿಯ ಓದುಗರು ಬಲ್ಲರು. ಆ ಶಿಬಿರಗಳ ಪುಣ್ಯದಿಂದ ಕಣ್ಣು ಹೋದರೂ ಮರಳಿ ಬರಿಸಬಹುದೆಂಬ ಭರವಸೆ ನಾಡಿನಲ್ಲಿ ನೆಲೆಗೊಂಡಿತು. ಭರವಸೆ ಸರಿಯೇ. ಆದರೆ ಪೊರೆ ಬೇರೆ, ಹೂ ಬೇರೆ. ಪೊರೆ ಬರುವುದು ಒಳಗಿನ ಮಸೂರಕ್ಕೆ. ಅದನ್ನು ತೆಗೆದು ಬೇರೆ ಮಸೂರ ಇಡಬಹುದು. ಕಾರ್ನಿಯಾದ ಹುಣ್ಣು ಮಾಯ್ದು ಉಳಿಯುವ ಬಿಳಿಯ ಕಲೆಯನ್ನು ಜನ ‘ಕಣ್ಣಿಗೆ ಹೂ ಬಿತ್ತು’ ಎನ್ನುತ್ತಾರೆ. ಆ ಹೂವನ್ನು ಕಿತ್ತೆಸೆಯಲು ಬಾರದು. ಮೃತರೊಬ್ಬರು ದಾನ ಮಾಡಿದ ಕಾರ್ನಿಯಾವನ್ನು ಕಸಿಮಾಡಬೇಕು. ಹರ್ಪಿಸ್ ವಂಶದ ವೈರಸ್ಸಿನಿಂದ ಕೆಟ್ಟ ಕಣ್ಣಿನಲ್ಲಿ ಆ ಕಸಿ ಹಿಡಿದು ನಿಲ್ಲುವುದೂ ಕಷ್ಟ. ಇನ್ನು ಏಳೆಂಟು ವರ್ಷದೊಳಗಿನ ಮಗುವಿನ ಒಂದು ಕಣ್ಣು ಬಹುಕಾಲ ಮಸುಕಾಗಿಯೇ ಉಳಿದರೆ, ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡುತ್ತದೆ. ಮುಂದೆ ಕಸಿ ಮಾಡಿದರೂ ನೋಟ ಪೂರ್ಣವಾಗಿ ಕೂಡಿಬರುವುದಿಲ್ಲ.

ರೋಗವನ್ನೇ ತಡೆಯುವ ಉಪಾಯವೂ ಉಂಟು. ಜಪಾನಿನ ಮಿಚಿಯಾಕಿ ತಕಾಹಾಶಿ ಎಂಬ ವೈದ್ಯವಿಜ್ಞಾನಿ ತನ್ನ ಎಳೆಯ ಮಗ ಸೀತಾಳೆಯಿಂದ ಅನುಭವಿಸಿದ ಸಂಕಟವನ್ನು ಕಣ್ಣಾರೆ ಕಂಡು ಈ ಕೆಲಸಕ್ಕೆ ತೊಡಗಿದನೆಂದು ತಾನೇ ಹೇಳಿಕೊಂಡಿದ್ದಾನೆ. 1974ರಲ್ಲಿ ಅವನು ಪ್ರಕಟಿಸಿದ ಲಸಿಕೆಯ ತಳಿಗೆ, ಯಾವ ಬಾಲಕನ ಗುಳ್ಳೆಯಿಂದ ವೈರಸ್ ಪಡೆದನೋ ಅವನ ಮನೆತನದ ಹೆಸರಾದ ‘ಓಕಾ’ ಎಂಬುದೇ ಉಳಿದಿದೆ. ಅಮೆರಿಕವು 1995ರಲ್ಲಿ ಇದನ್ನು ಎಲ್ಲ ಮಕ್ಕಳಿಗೂ ಕೊಡತೊಡಗಿತು. ಭಾರತದಲ್ಲಿ ಲಸಿಕೆ ದೊರೆಯುತ್ತದೆ. ಮಕ್ಕಳ ವೈದ್ಯರ ಅಕಾಡೆಮಿಯು ಎರಡು ಡೋಸುಗಳನ್ನು ಸೂಚಿಸುತ್ತದೆ. ಆದರೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ಸೇರಿಲ್ಲ. ಹಣ ಕೊಟ್ಟು ಕೊಳ್ಳಬೇಕು. ವಸತಿನಿಲಯದ ಮಕ್ಕಳ ತಂದೆತಾಯಿಗಳಿಗೆ ಆ ಬೆಲೆ ಭಾರವೇ. ವಿದ್ಯಾಸಂಸ್ಥೆಗಳಿಗೆ ಕೊಠಡಿ ಕಟ್ಟಿಸಿ ಹೆಸರು ಕೆತ್ತಿಸುವ ದಾನಿಗಳಿಗೆ, ಕಲ್ಲಿನಲ್ಲಿ ಕಾಣದ ಈ ಬಗೆಯ ದಾನವೂ ಒಂದಿದೆಯೆಂದು ಸೂಚಿಸಿದರೆ ತಪ್ಪಾಗಲಾರದು. ನಿಲಯದಲ್ಲಿ ಮೊದಲ ರೋಗಿ ಕಂಡ ಮೂರು ದಿನಗಳೊಳಗೆ, ಹೆಚ್ಚೆಂದರೆ ಐದು ದಿನಗಳೊಳಗೆ, ಹಿಂದೆ ರೋಗ ಬಾರದ ಇತರರಿಗೆ ಲಸಿಕೆ ಹಾಕಿಸಿದರೂ ಬಹಳಷ್ಟನ್ನು ತಡೆಯಬಹುದು ಅಥವಾ ಸೌಮ್ಯಗೊಳಿಸಬಹುದು. ಗರ್ಭಿಣಿಯರಿಗೆ ಮಾತ್ರ ಈ ಲಸಿಕೆ ಸಲ್ಲದು. ಈ ರೋಗ ಬಾರದಿರುವ ಗರ್ಭಿಣಿ ಶಿಕ್ಷಕಿಯರು ರೋಗಿಗಳಿಂದ ದೂರವಿರಬೇಕು. ಗರ್ಭದ ಮೊದಲ ಐದು ತಿಂಗಳಲ್ಲಿ ತಾಯಿಗೆ ಸೀತಾಳೆಯಾದರೆ, ಅಪರೂಪಕ್ಕಾದರೂ ಶಿಶುವಿನ ಕಣ್ಣು ಕಿರಿದಾಗಿಯೋ ಪೊರೆಗೂಡಿಯೋ ಹುಟ್ಟುವ ಸಂಭವವಿದೆ.

ಬಾಲ್ಯದಲ್ಲಿ ಈ ರೋಗವನ್ನು ಕಳೆದು ಬಂದ ಹಳೆಯ ವಿದ್ಯಾರ್ಥಿಗಳು ತಮಗಿನ್ನು ಇದರ ಗೊಡವೆಯಿಲ್ಲವೆಂದು ಎಣಿಸುವಂತಿಲ್ಲ. ವೈರಸ್ ದೇಹವನ್ನು ಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ಅಡಗಿ ಕೂಡುತ್ತದೆ. ಐವತ್ತು ಅರವತ್ತು ವರ್ಷಗಳಾದ ಮೇಲೆ, ಮೈಯ ಕಸುವು ಕುಂದಿದಾಗ, ಒಂದೇ ನರದ ಹಾದಿ ಹಿಡಿದು ಹೊರಬೀಳುತ್ತದೆ. ಅದೇ ಸರ್ಪಸುತ್ತು. ಇಂಗ್ಲೆಂಡಿನ ಸಣ್ಣ ಊರೊಂದರ ಸಾಮಾನ್ಯ ವೈದ್ಯನಾಗಿದ್ದ ಹೋಪ್‌ಸಿಂಪ್ಸನ್ ಎಂಬಾತ, ತನ್ನಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳ ವಿವರವನ್ನು ವರ್ಷಗಟ್ಟಲೆ ತಾಳ್ಮೆಯಿಂದ ಬರೆದಿಟ್ಟು, ಆ ಬರಹದ ಬಲದಿಂದಲೇ 1965ರಲ್ಲಿ ಈ ವಿವರಣೆಯನ್ನು ಮಂಡಿಸಿದನು. ದೊಡ್ಡ ಪ್ರಯೋಗಾಲಯದ ನೆರವು ಅವನಿಗಿರಲಿಲ್ಲ. ಸರ್ಪಸುತ್ತು ಹಣೆಯ ಒಂದು ಬದಿಗೆ ಎದ್ದು, ಗುಳ್ಳೆಗಳು ಮೂಗಿನ ತುದಿಗೂ ಹಬ್ಬಿದರೆ ಕಣ್ಣಿನ ಒಳಗೂ ಉರಿಯೂತ ಬರುವ ಸಂಭವ ಹೆಚ್ಚು, ಏಕೆಂದರೆ ಆ ಎರಡೂ ಎಡೆಗಳಿಗೆ ಒಂದೇ ನರದ ಕವಲು ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಹಚಿನ್‌ಸನ್ ಎಂಬ ವೈದ್ಯನ ಹೆಸರಿನಿಂದಲೇ ಈ ಸೂಚನೆ ಇಂದಿಗೂ ಪ್ರಸಿದ್ಧ. ಗುಳ್ಳೆ ಎದ್ದ 72 ತಾಸುಗಳೊಳಗೆ ವೈರಸ್‌ನಿರೋಧಕ ಮಾತ್ರೆ ಆರಂಭಿಸಿದರೆ ಕಣ್ಣಿನ ಹಾನಿ ಬಹುಮಟ್ಟಿಗೆ ತಗ್ಗುತ್ತದೆ. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ಬರುವಷ್ಟರಲ್ಲಿ ಆ ಮೂರು ದಿನ ಕಳೆದುಹೋಗುತ್ತವೆ.

ಶಾಲೆಯಲ್ಲಿಯೂ ಅಂಥದೊಂದು ಬರಹ ಇರಬಹುದು. ವಸತಿನಿಲಯದ ಹಾಜರಿ ಪುಸ್ತಕದ ಬದಿಯಲ್ಲಿ ರೋಗವಾದ ಹುಡುಗನ ಹೆಸರಿನ ಮುಂದೆ ಗುಳ್ಳೆ ಎದ್ದ ದಿನ, ಕೊನೆಯ ಹಕ್ಕಳೆ ಉದುರಿದ ದಿನ, ಮರಳಿದ ಮೇಲೆ ವಾರಕ್ಕೊಮ್ಮೆ ಎಡಗಣ್ಣು ಬಲಗಣ್ಣುಗಳಿಂದ ಹಲಗೆ ಓದಿಸಿದ ದಿನ, ಇಷ್ಟನ್ನು ಎರಡು ತಿಂಗಳ ಕಾಲ ಬರೆದಿಡಬಹುದು. ಕಣ್ಣಿನ ವೈದ್ಯರು ಕೆಂಪುಗಣ್ಣಿನ ಹುಡುಗನನ್ನು ಮುಂದೆ ಕೂರಿಸಿಕೊಂಡು ‘ಇತ್ತೀಚೆಗೆ ಏನಾದರೂ ಕಾಯಿಲೆ ಆಗಿತ್ತೆ?’ ಎಂದು ಕೇಳುತ್ತಾರೆ. ಅಮ್ಮ ಬಂದು ಹೋದುದನ್ನು ಕಾಯಿಲೆಯೆಂದು ಎಣಿಸದ ಮನೆಯವರು ‘ಏನೂ ಇಲ್ಲ’ ಎನ್ನುತ್ತಾರೆ. ಆಗ ಆ ಪುಸ್ತಕ ನಿಲಯಪಾಲಕರ ಕೈಯಲ್ಲಿರಬೇಕು.